ಕೆಮಿಸ್ಟ್ರಿ ಓದಿದವರು ಕೆಮಿಕಲ್ ಎಂಜಿನಿಯರ್ ಆಗಬಹುದಾ?

ಪ್ರಶ್ನೆ: ನಮಸ್ತೆ ಸರ್. ನಾನು ಉಡುಪಿಯವಳು, 26 ವರ್ಷ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ತೆಗೆದುಕೊಂಡು ಉಡುಪಿಯಲ್ಲಿ ಬಿಎಸ್ಸಿ, ಕೊಣಾಜೆಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮಾಡಿದೆ. ಈಗ ಮಂಗಳೂರಿನ ಒಂದು ಔಷಧ ಕಾರ್ಖಾನೆಯಲ್ಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಮಿಸ್ಟ್. ದಿನವಿಡೀ ಎಚ್‌ಪಿಎಲ್‌ಸಿ ಎಂಬ ಪರೀಕ್ಷಾ ಯಂತ್ರದ ಮುಂದೆ ಕೂರುತ್ತೇನೆ. ಪ್ಲಾಂಟ್‌ನಿಂದ ಸ್ಯಾಂಪಲ್ ಬರುತ್ತದೆ, ರಿಸಲ್ಟ್ ಕೊಡುತ್ತೇನೆ, ಅಷ್ಟೇ. ಒಳಗೆ ರಿಯಾಕ್ಟರ್‌ನಲ್ಲಿ (ರಿಯಾಕ್ಷನ್ ನಡೆಸುವ ಪಾತ್ರೆಯಲ್ಲಿ) ಏನು ನಡೆಯುತ್ತದೆ ಎಂದು ತಿಳಿಯುವ ಆಸೆ. ಕೆಮಿಕಲ್ ಎಂಜಿನಿಯರಿಂಗ್‌ಗೆ ಹೋಗಬೇಕು ಅನಿಸಿದೆ. ಮತ್ತೆ ಬಿಇ ಸೇರಬೇಕಾ? ಎಂಟೆಕ್ ಸಿಗುತ್ತದಾ? ಇಷ್ಟು ಓದಿದ್ದು ಸಾಲದಾ, ಇನ್ನೂ ಓದುವುದಾ ಎಂದು ಅಮ್ಮ ಕೇಳುತ್ತಾರೆ. ಪ್ರೊಡಕ್ಷನ್‌ಗೆ ಹೋದರೆ ನೈಟ್ ಶಿಫ್ಟ್ ಎಂಬ ಹೆದರಿಕೆಯೂ ಮನೆಯಲ್ಲಿದೆ. ದಾರಿ ಹೇಳಿ.

ಉತ್ತರ: ಬಿಇ ಸೇರಬೇಡಿ. ಕ್ಯೂಸಿಯಿಂದ ಪ್ಲಾಂಟ್ ಕಡೆಗೆ, ಅಂದರೆ ಪ್ರೊಸೆಸ್ ಡೆವಲಪ್‌ಮೆಂಟ್, ಟೆಕ್ ಟ್ರಾನ್ಸ್‌ಫರ್ (ಲ್ಯಾಬಿನ ವಿಧಾನವನ್ನು ಪ್ಲಾಂಟ್‌ಗೆ ತರುವ ಕೆಲಸ) ಅಥವಾ ಪ್ರೊಡಕ್ಷನ್ ವಿಭಾಗಕ್ಕೆ ದಾಟಿಕೊಳ್ಳಿ. ಆ ಕೆಲಸ ಮಾಡುತ್ತಲೇ ಎಂಜಿನಿಯರಿಂಗಿನ ನಾಲ್ಕೈದು ಮೂಲ ವಿಷಯಗಳನ್ನು ಗಟ್ಟಿಯಾಗಿ ಕಲಿಯಿರಿ. ಡಿಗ್ರಿ ಬೇಕಾ ಬೇಡವಾ ಎಂಬುದು ಆಮೇಲೆ ನಿಮಗೇ ತಿಳಿಯುತ್ತದೆ. ಎಂಎಸ್ಸಿ ಮುಗಿಸಿ ಕೆಲಸದಲ್ಲಿರುವವರಿಗೆಲ್ಲ ನಾನು ಹೇಳುವುದು ಇದನ್ನೇ. ಯಾಕೆ ಎಂದು ವಿವರಿಸುತ್ತೇನೆ.

ಮೊದಲು, ನಿಮಗೆ ಗೊತ್ತಿರುವುದಕ್ಕೂ ಎಂಜಿನಿಯರ್‌ಗೆ ಗೊತ್ತಿರುವುದಕ್ಕೂ ಇರುವ ವ್ಯತ್ಯಾಸ ನೋಡೋಣ. ಎ ಮತ್ತು ಬಿ ಸೇರಿದರೆ ಸಿ ಆಗುತ್ತದೆ ಎಂದು ನಿಮಗೆ ಗೊತ್ತು. ಯಾವ ಬಾಂಡ್ ಮುರಿಯುತ್ತದೆ, ಯಾವ ಇಂಪ್ಯೂರಿಟಿ ಬರಬಹುದು, ಎಲ್ಲ ಗೊತ್ತು. ಎಂಜಿನಿಯರ್ ಕೇಳುವ ಪ್ರಶ್ನೆಗಳು ಬೇರೆ. ಎಷ್ಟು ಶಾಖ ಹುಟ್ಟುತ್ತದೆ? ಅದು ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ಎಷ್ಟು ಬೇಗ ಹೋಗುತ್ತದೆ?

ಒಂದು ಲೆಕ್ಕ ಮಾಡಿ. ಒಂದು ಲೀಟರ್ ಫ್ಲಾಸ್ಕ್‌ನಲ್ಲಿ ಮಾಡಿದ ರಿಯಾಕ್ಷನ್ ಅನ್ನು ಅದೇ ಆಕಾರದ ಸಾವಿರ ಲೀಟರ್ ರಿಯಾಕ್ಟರ್‌ಗೆ ಒಯ್ದಿರಿ ಎಂದುಕೊಳ್ಳಿ. ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟಾದವು. ಒಳಗಿನ ದ್ರಾವಣ ಸಾವಿರ ಪಟ್ಟಾಯಿತು, ಹಾಗಾಗಿ ಹುಟ್ಟುವ ಶಾಖವೂ ಸಾವಿರ ಪಟ್ಟು. ಆದರೆ ಶಾಖ ಹೊರಹೋಗುವ ಗೋಡೆ ದೊಡ್ಡದಾದದ್ದು ನೂರು ಪಟ್ಟು ಮಾತ್ರ. ಒಂದೊಂದು ಲೀಟರ್‌ಗೆ ಸಿಗುವ ತಂಪು ಮೇಲ್ಮೈ ಹತ್ತನೇ ಒಂದು ಪಾಲಿಗೆ ಇಳಿಯಿತು. ಲ್ಯಾಬಿನಲ್ಲಿ ಐಸ್ ಬಾತ್ ಇಟ್ಟು ಹತ್ತು ನಿಮಿಷದಲ್ಲಿ ಹನಿಹನಿಯಾಗಿ ಹಾಕಿದ ಆಸಿಡ್ ಅನ್ನು ಪ್ಲಾಂಟ್‌ನಲ್ಲಿ ಗಂಟೆಗಟ್ಟಲೆ ಹಾಕುವುದು ಇದೇ ಕಾರಣಕ್ಕೆ. ಬ್ಯಾಚ್ ರೆಕಾರ್ಡ್‌ನಲ್ಲಿ "ನಿಧಾನವಾಗಿ ಸೇರಿಸಿ, ಉಷ್ಣತೆ ಇಷ್ಟರೊಳಗೆ ಇರಲಿ" ಎಂದು ಬರೆದಿರುತ್ತದಲ್ಲ, ಆ ಒಂದು ಸಾಲಿನ ಹಿಂದೆ ಈ ಲೆಕ್ಕವಿದೆ.

ಇನ್ನೂ ಒಂದು ಅಪಾಯ ಇದರಲ್ಲಿದೆ. ಉಷ್ಣತೆ ಏರಿದ ಹಾಗೆ ರಿಯಾಕ್ಷನ್ ವೇಗ ಅರ್ಹೇನಿಯಸ್ ಸೂತ್ರದಂತೆ ಏರುತ್ತದೆ. ಎಷ್ಟೋ ರಿಯಾಕ್ಷನ್‌ಗಳಲ್ಲಿ ಹತ್ತು ಡಿಗ್ರಿಗೆ ಸುಮಾರು ಎರಡು ಪಟ್ಟಾಗುತ್ತದೆ. ರಿಯಾಕ್ಟರ್ ಸುತ್ತಲಿನ ಜಾಕೆಟ್‌ನ ತಂಪು ನೀರು ಎಳೆದುಕೊಳ್ಳುವ ಶಾಖ ಮಾತ್ರ ಉಷ್ಣತೆಯ ವ್ಯತ್ಯಾಸಕ್ಕೆ ತಕ್ಕಷ್ಟೇ, ಸರಳ ರೇಖೆಯಲ್ಲಿ ಏರುತ್ತದೆ. ಒಂದು ಹಂತ ದಾಟಿದರೆ ಹುಟ್ಟುವ ಶಾಖವನ್ನು ಹೊರಹೋಗುವ ಶಾಖ ಹಿಡಿಯಲಾರದು. ಪ್ಲಾಂಟ್‌ನವರು ಇದನ್ನು ರನ್‌ಅವೇ ಎನ್ನುತ್ತಾರೆ.

2007ರ ಡಿಸೆಂಬರ್ 19ರಂದು ಅಮೆರಿಕದ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಟಿ2 ಲ್ಯಾಬೊರೇಟರೀಸ್ ಎಂಬ ಸಣ್ಣ ಕಂಪನಿಯ ರಿಯಾಕ್ಟರ್ ಹೀಗೇ ಸಿಡಿಯಿತು. ನಾಲ್ವರು ಸತ್ತರು. ಪೆಟ್ರೋಲ್‌ಗೆ ಸೇರಿಸುವ ಒಂದು ಮ್ಯಾಂಗನೀಸ್ ಸಂಯುಕ್ತವನ್ನು ಅವರು ಮಾಡುತ್ತಿದ್ದರು. ಮೊದಲ ಪ್ರಯೋಗಗಳನ್ನೆಲ್ಲ ಒಂದು ಲೀಟರ್ ಗಾಜಿನ ರಿಯಾಕ್ಟರ್‌ನಲ್ಲಿ ಮಾಡಿ, ಆಮೇಲೆ ಸಾವಿರಾರು ಲೀಟರ್ ಪಾತ್ರೆಗೆ ಹೋಗಿದ್ದರು. ಆವತ್ತು ತಂಪು ನೀರು ಕೈಕೊಟ್ಟಿತು, ಬದಲಿ ವ್ಯವಸ್ಥೆ ಇರಲಿಲ್ಲ. ಉಷ್ಣತೆ ಏರುತ್ತಾ ಹೋದಾಗ ಒಳಗಿದ್ದ ಸೋಡಿಯಂ ಲೋಹ ಸಾಲ್ವೆಂಟ್ (ಕರಗಿಸುವ ದ್ರವ) ಜೊತೆಗೇ ರಿಯಾಕ್ಟ್ ಆಗತೊಡಗಿತು. ಆ ಎರಡನೇ ರಿಯಾಕ್ಷನ್ ಮೊದಲನೆಯದಕ್ಕಿಂತ ಘೋರವಾಗಿತ್ತು. ತನಿಖೆ ಮಾಡಿದ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್, ಇಂಥ ಅಪಾಯಗಳ ಪಾಠವನ್ನು ಕೆಮಿಕಲ್ ಎಂಜಿನಿಯರಿಂಗ್ ಪಠ್ಯಕ್ಕೇ ಸೇರಿಸಬೇಕು ಎಂದು ಶಿಫಾರಸು ಮಾಡಿತು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಸತ್ತವರಲ್ಲಿ ಒಬ್ಬರು ಕಂಪನಿಯ ಪಾಲುದಾರರು, ಸ್ವತಃ ಕೆಮಿಕಲ್ ಎಂಜಿನಿಯರ್. ಇಂಥ ಕಡೆ ಎರಡೂ ಬುದ್ಧಿ ಬೇಕು. ಸೋಡಿಯಂ ಈ ಸಾಲ್ವೆಂಟ್ ಜೊತೆ ಬಿಸಿಯಲ್ಲಿ ಸುಮ್ಮನಿರುತ್ತದಾ ಎಂದು ಕೇಳುವ ಕೆಮಿಸ್ಟ್ ಬೇಕು, ನೀರು ನಿಂತರೆ ಶಾಖ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಎಂಜಿನಿಯರ್ ಬೇಕು. ಒಂದೇ ತಲೆಯಲ್ಲಿ ಎರಡೂ ಇರುವವರು ಕಡಿಮೆ. ನೀವು ಆ ಜಾಗಕ್ಕೆ ಹೋಗಬಹುದು ಎಂಬುದೇ ನನ್ನ ಮಾತಿನ ಸಾರ. ಕೆಮಿಸ್ಟ್ರಿಯನ್ನು ಬಿಟ್ಟು ಹೋಗುತ್ತಿದ್ದೇನೆ ಎಂಬ ಭಾವನೆ ಬೇಡ. ಅದು ನಿಮ್ಮ ಬಂಡವಾಳ.

ಕಾರ್ಲ್ ಬಾಶ್ ನಿಮಗೆ ಗೊತ್ತಿರಬೇಕು. ನೈಟ್ರೋಜನ್, ಹೈಡ್ರೋಜನ್ ಸೇರಿಸಿ ಅಮೋನಿಯಾ ಮಾಡಬಹುದು ಎಂದು ಫ್ರಿಟ್ಜ್ ಹೇಬರ್ 1909ರಲ್ಲಿ ಲ್ಯಾಬಿನಲ್ಲಿ ತೋರಿಸಿದರು. ಅದನ್ನು ಕಾರ್ಖಾನೆಗೆ ತಂದವರು ಬಾಶ್. ಅವರ ಡಾಕ್ಟರೇಟ್ ಕೆಮಿಸ್ಟ್ರಿಯಲ್ಲಿ, ಅದಕ್ಕೆ ಮೊದಲು ಲೋಹಶಾಸ್ತ್ರ ಮತ್ತು ಮೆಕ್ಯಾನಿಕಲ್ ಓದಿದ್ದರು. ಭಾರೀ ಒತ್ತಡದಲ್ಲಿ ಉಕ್ಕಿನ ಪಾತ್ರೆಗಳು ಒಡೆಯುತ್ತಿದ್ದವು. ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅದರ ಕಾರ್ಬನ್ ಜೊತೆ ರಿಯಾಕ್ಟ್ ಆಗಿ ಉಕ್ಕನ್ನು ಪೆಡಸು ಮಾಡುತ್ತಿತ್ತು. ಬಾಶ್ ಒಳಗಡೆ ಕಾರ್ಬನ್ ಇಲ್ಲದ ಮೆದು ಕಬ್ಬಿಣದ ಪದರ ಹಾಕಿಸಿದರು. ಹೊರಗಿನ ಉಕ್ಕಿಗೆ ಸಣ್ಣ ತೂತು ಕೊರೆಸಿ, ಒಳಪದರ ದಾಟಿ ಬಂದ ಹೈಡ್ರೋಜನ್ ಹೊರಹೋಗಲು ದಾರಿ ಮಾಡಿದರು. 1913ರಲ್ಲಿ ಜರ್ಮನಿಯ ಓಪಾವ್‌ನಲ್ಲಿ ಪ್ಲಾಂಟ್ ಶುರುವಾಯಿತು. ಪಣಂಬೂರಿನ ಗೊಬ್ಬರ ಕಾರ್ಖಾನೆ ಎಂಸಿಎಫ್‌ನಲ್ಲಿ ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಾಗುವುದು ಇದೇ ವಿಧಾನದಲ್ಲಿ. ಆ ತೂತಿನ ಯೋಚನೆ ಹೊಳೆಯಬೇಕಾದರೆ ಕಾರ್ಬನ್–ಹೈಡ್ರೋಜನ್ ರಿಯಾಕ್ಷನ್ನೂ ಗೊತ್ತಿರಬೇಕು, ಪಾತ್ರೆಯ ಗೋಡೆ ಹೇಗೆ ಒಡೆಯುತ್ತದೆ ಎಂಬುದೂ ಗೊತ್ತಿರಬೇಕು.

ಈಗ ಕಲಿಕೆಯ ವಿಷಯ. ಶುರು ಮಾಡಬೇಕಾದ್ದು ಮೆಟೀರಿಯಲ್ ಬ್ಯಾಲೆನ್ಸ್‌ನಿಂದ, ಅಂದರೆ ಒಳಗೆ ಹೋದದ್ದು, ಹೊರಗೆ ಬಂದದ್ದರ ತೂಕದ ಲೆಕ್ಕದಿಂದ. ಎರಡನೇ ವರ್ಷದ ಬಿಇ ಮಕ್ಕಳಿಗೆ ಮೊದಲು ಕಲಿಸುವುದು ಇದನ್ನೇ. ಸುಲಭ ಅನಿಸುತ್ತದೆ, ಆದರೆ ಎಂಎಸ್ಸಿ ಮಾಡಿದವರೂ ಇಲ್ಲಿ ಎಡವುತ್ತಾರೆ. ನಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. ನೂರು ಕೆಜಿ ಹಸಿ ತೆಂಗಿನ ತಿರುಳು ಇದೆ, ಅದರಲ್ಲಿ 50 ಶೇಕಡಾ ನೀರು. ಎಣ್ಣೆ ತೆಗೆಯಲು 6 ಶೇಕಡಾ ನೀರಿರುವ ಕೊಬ್ಬರಿ ಬೇಕು. ಎಷ್ಟು ನೀರು ತೆಗೆಯಬೇಕು? ಐವತ್ತರಲ್ಲಿ ಆರು ಕಳೆದು 44 ಕೆಜಿ ಎನ್ನುವವರೇ ಜಾಸ್ತಿ. ಅದು ತಪ್ಪು. ಒಣಗುವಾಗ ಒಟ್ಟು ತೂಕವೂ ಇಳಿಯುತ್ತದೆ, ಆ ಆರು ಶೇಕಡಾ ಹೊಸ ತೂಕದ ಮೇಲಿನ ಲೆಕ್ಕ. ಬದಲಾಗದೆ ಉಳಿಯುವುದು ಒಣ ಪದಾರ್ಥ ಮಾತ್ರ, 50 ಕೆಜಿ. ಅದು ಕೊಬ್ಬರಿಯ 94 ಶೇಕಡಾ. ಹಾಗಾದರೆ ಕೊಬ್ಬರಿ 53.2 ಕೆಜಿ, ತೆಗೆಯಬೇಕಾದ ನೀರು 46.8 ಕೆಜಿ.

ಇಲ್ಲಿಗೆ ನಿಲ್ಲಬೇಡಿ. ಒಂದು ಕೆಜಿ ನೀರು ಆವಿಯಾಗಲು ಸುಮಾರು 2,260 ಕಿಲೋಜೌಲ್ ಬೇಕು. 46.8 ಕೆಜಿಗೆ ಸುಮಾರು 1,06,000 ಕಿಲೋಜೌಲ್. ಕರೆಂಟಿನ ಲೆಕ್ಕದಲ್ಲಿ 29 ಯೂನಿಟ್. ಇದು ಎನರ್ಜಿ ಬ್ಯಾಲೆನ್ಸ್. ನಿಜವಾದ ಡ್ರೈಯರ್ ಇದಕ್ಕಿಂತ ಎಷ್ಟೋ ಜಾಸ್ತಿ ತಿನ್ನುತ್ತದೆ, ಯಾಕೆಂದರೆ ಬಿಸಿ ಗಾಳಿ ಶಾಖವನ್ನು ಹೊತ್ತುಕೊಂಡೇ ಹೊರಗೆ ಹೋಗುತ್ತದೆ. ಮುಂದಿನ ಪ್ರಶ್ನೆ: ಜುಲೈ ತಿಂಗಳಲ್ಲಿ ಅದೇ ಕೊಬ್ಬರಿ ಯಾಕೆ ಒಣಗುವುದಿಲ್ಲ? ನಮ್ಮ ಮಳೆಗಾಲದ ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿರುತ್ತದೆ. ತಿರುಳಿನ ಮೇಲ್ಮೈಯಲ್ಲಿರುವ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ಅಂತರವೇ ನೀರನ್ನು ಹೊರಗೆ ತಳ್ಳುವ ಶಕ್ತಿ. ಆ ಅಂತರ ಕುಗ್ಗಿದರೆ ಒಣಗುವ ವೇಗವೂ ಕುಗ್ಗುತ್ತದೆ. ಇದು ಮಾಸ್ ಟ್ರಾನ್ಸ್‌ಫರ್. ನೋಡಿ, ಒಂದು ಕೊಬ್ಬರಿ ಗೂಡಿನಲ್ಲಿ ಮೂರು ಸೆಮಿಸ್ಟರ್‌ನ ಪಾಠದ ಬೀಜ ಇದೆ.

ನಿಮ್ಮ ಕ್ಯೂಸಿಯಲ್ಲಿ ಎಲ್‌ಒಡಿ (ಒಣಗಿಸಿದಾಗ ಇಳಿಯುವ ತೂಕ) ಟೆಸ್ಟ್ ಮಾಡುತ್ತೀರಲ್ಲ, ಅದು ಇದೇ ಲೆಕ್ಕದ ಇನ್ನೊಂದು ತುದಿ. ಪ್ಲಾಂಟ್‌ನ ಡ್ರೈಯರ್ ಎಷ್ಟು ಹೊತ್ತು ಓಡಬೇಕು ಎಂದು ತೀರ್ಮಾನವಾಗುವುದು ನಿಮ್ಮ ಆ ನಂಬರ್‌ನಿಂದ.

ಮೆಟೀರಿಯಲ್ ಬ್ಯಾಲೆನ್ಸ್ ಆದ ಮೇಲೆ ಹೀಟ್ ಟ್ರಾನ್ಸ್‌ಫರ್, ಫ್ಲೂಯಿಡ್ ಫ್ಲೋ, ಮಾಸ್ ಟ್ರಾನ್ಸ್‌ಫರ್, ಕೊನೆಗೆ ರಿಯಾಕ್ಷನ್ ಎಂಜಿನಿಯರಿಂಗ್. ಕೊನೆಯದು ನಿಮಗೆ ಸುಲಭ, ಕೈನೆಟಿಕ್ಸ್ (ರಿಯಾಕ್ಷನ್ ವೇಗದ ಪಾಠ) ಓದಿದ್ದೀರಿ. ಥರ್ಮೊಡೈನಮಿಕ್ಸ್ ಅರ್ಧ ಬರುತ್ತದೆ. ಕಷ್ಟ ಆಗುವುದು ಫ್ಲೂಯಿಡ್ ಫ್ಲೋ. ಪಂಪ್, ಪೈಪ್, ಒತ್ತಡ ನಷ್ಟ, ಇವು ಯಾವುವೂ ಬಿಎಸ್ಸಿಯಲ್ಲಿ ಬಂದಿರುವುದಿಲ್ಲ. ಗಣಿತದಲ್ಲಿ ಡಿಫರೆನ್ಷಿಯಲ್ ಈಕ್ವೇಷನ್ ಒಂದು ಗಟ್ಟಿ ಇದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಪಿಸಿಎಂ ಮಾಡಿದವರು ನೀವು, ಹಳೆಯ ನೋಟ್ಸ್ ತೆಗೆದು ಧೂಳು ಕೊಡವಿ.

ಇದಕ್ಕೆಲ್ಲ ಫೀಸು ಕಟ್ಟಿ ಕೋಚಿಂಗ್ ಸೇರುವ ಅಗತ್ಯ ಇಲ್ಲ. ಐಐಟಿ ಮೇಷ್ಟ್ರುಗಳ ಪಾಠಗಳು ಎನ್‌ಪಿಟಿಇಎಲ್ ವೆಬ್‌ಸೈಟಿನಲ್ಲಿ ಉಚಿತವಾಗಿವೆ. ಜನವರಿ, ಜುಲೈಗಳಲ್ಲಿ ಹೊಸ ಕೋರ್ಸ್‌ಗಳು ಶುರುವಾಗುತ್ತವೆ. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ ಪರೀಕ್ಷೆ ಬರೆಯುತ್ತಾರೆ. ನೀವು ಬರೆಯಿರಿ, ಕಂಪನಿ ಬದಲಿಸುವಾಗ ಅದು ಸಾಕ್ಷಿ. ಜೊತೆಗೆ ಡಿಡಬ್ಲ್ಯೂಸಿಮ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಡಿಸ್ಟಿಲೇಷನ್ ಕಾಲಮ್, ಹೀಟ್ ಎಕ್ಸ್‌ಚೇಂಜರ್ ಎಲ್ಲವನ್ನೂ ಅದರಲ್ಲಿ ಕಂಪ್ಯೂಟರ್ ಮೇಲೆ ಓಡಿಸಿ ನೋಡಬಹುದು. ಐಐಟಿ ಬಾಂಬೆಯ ಫಾಸ್ಸಿ ಯೋಜನೆಯವರು ಅದರಲ್ಲಿ ಫ್ಲೋಶೀಟ್ (ಪ್ಲಾಂಟ್‌ನ ಹಂತಗಳ ನಕ್ಷೆ) ಮಾಡಿ ಕಳಿಸುವ ಕಾರ್ಯಕ್ರಮವನ್ನೂ ನಡೆಸುತ್ತಾರೆ. ಹತ್ತು ಸರ್ಟಿಫಿಕೇಟ್‌ಗಿಂತ ನೀವೇ ಮಾಡಿದ ಒಂದು ಫ್ಲೋಶೀಟ್ ಇಂಟರ್‌ವ್ಯೂನಲ್ಲಿ ಜಾಸ್ತಿ ಮಾತಾಡುತ್ತದೆ.

ಇನ್ನು ಡಿಗ್ರಿಯ ಬಾಗಿಲುಗಳು. ಬಿಎಸ್ಸಿ ಆದವರು ಬಿಇ ಎರಡನೇ ವರ್ಷಕ್ಕೆ ನೇರ ಸೇರುವ ಅವಕಾಶ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮದಲ್ಲಿದೆ. ಪಿಯುಸಿಯಲ್ಲಿ ಗಣಿತ ಇರಬೇಕು. ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್, ಮೆಕ್ಯಾನಿಕ್ಸ್ ಅನ್ನು ಜೊತೆಯಲ್ಲೇ ಪಾಸು ಮಾಡಿಕೊಳ್ಳಬೇಕು. ಯಾವ ಕಾಲೇಜಿನಲ್ಲಿ ಸೀಟು ಇದೆ ಎಂಬುದನ್ನು ಆಯಾ ವರ್ಷದ ಪ್ರಕಟಣೆ ನೋಡಿಯೇ ತಿಳಿಯಬೇಕು. ಈಗಷ್ಟೇ ಬಿಎಸ್ಸಿ ಮುಗಿಸಿದ 21ರ ಹುಡುಗನೋ ಹುಡುಗಿಯೋ ಕೇಳಿದ್ದರೆ ಈ ದಾರಿಯನ್ನು ಯೋಚಿಸಿ ಎನ್ನುತ್ತಿದ್ದೆ. ನಿಮಗೆ ಮೂರು ವರ್ಷದ ಸಂಬಳ ಹೋಗುತ್ತದೆ, ಹೊರಗೆ ಬರುವಾಗ ಮತ್ತೆ ಫ್ರೆಶರ್. ಬಿಇ ಕೆಮಿಕಲ್ ಎಂಬ ಕಾಗದವನ್ನೇ ಕೇಳುವ ಕೆಲಸಗಳು ಇವೆ, ಸುಳ್ಳು ಹೇಳುವುದಿಲ್ಲ. ಸರಕಾರಿ ತೈಲ ಕಂಪನಿಗಳಲ್ಲಿ ಗೇಟ್ ಪರೀಕ್ಷೆಯ ಮೂಲಕ ತೆಗೆದುಕೊಳ್ಳುವ ಕೆಮಿಕಲ್ ಎಂಜಿನಿಯರ್ ಹುದ್ದೆ, ರಿಫೈನರಿ ಡಿಸೈನ್ ಮಾಡುವ ಕಂಪನಿಗಳ ಪ್ರೊಸೆಸ್ ಎಂಜಿನಿಯರ್ ಹುದ್ದೆ. ನಿಮ್ಮ ಆಸೆ ನಿಜವಾಗಿ ಎಂಆರ್‌ಪಿಎಲ್‌ನಂಥ ರಿಫೈನರಿಯಲ್ಲಿ ಎಂಜಿನಿಯರ್ ಹುದ್ದೆಯೇ ಆಗಿದ್ದರೆ ಬೇರೆ ದಾರಿ ಇಲ್ಲ. ಆದರೆ ನಿಮ್ಮ ಪತ್ರದಲ್ಲಿ ಇರುವ ಆಸೆ ರಿಯಾಕ್ಟರ್ ಒಳಗೆ ಏನಾಗುತ್ತದೆ ಎಂದು ತಿಳಿಯುವುದು. ಅದಕ್ಕೆ ಬಿಇ ಬೇಕಾಗಿಲ್ಲ.

ಎಂಟೆಕ್ ಬಗ್ಗೆ ಒಂದು ಎಚ್ಚರಿಕೆ. ಗೇಟ್ ಬರೆಯುವ ಅರ್ಹತೆ ಬೇರೆ, ಸೀಟು ಸಿಗುವ ಅರ್ಹತೆ ಬೇರೆ. ವಿಜ್ಞಾನ ಪದವಿ ಇದ್ದವರು ಗೇಟ್‌ನ ಕೆಮಿಕಲ್ ಎಂಜಿನಿಯರಿಂಗ್ ಪೇಪರ್ ಬರೆಯಬಹುದು. ಒಳ್ಳೆಯ ಸ್ಕೋರೂ ಬರಬಹುದು. ಆದರೆ ಎಂಟೆಕ್ ಕೆಮಿಕಲ್‌ಗೆ ಬಹಳಷ್ಟು ಸಂಸ್ಥೆಗಳು ಬಿಇ, ಬಿಟೆಕ್ ಆದವರನ್ನೇ ತೆಗೆದುಕೊಳ್ಳುತ್ತವೆ. ಎಂಎಸ್ಸಿ ಕೆಮಿಸ್ಟ್ರಿಯವರಿಗೆ ಬಾಗಿಲು ತೆರೆದಿರುವುದು ಹೆಚ್ಚಾಗಿ ಮೆಟೀರಿಯಲ್ಸ್, ಪಾಲಿಮರ್, ಎನರ್ಜಿ, ಎನ್ವಿರಾನ್‌ಮೆಂಟ್ ಕಡೆಯ ಎಂಟೆಕ್‌ಗಳಲ್ಲಿ. ಸುರತ್ಕಲ್‌ನ ಎನ್‌ಐಟಿಕೆ ಇರಲಿ, ಮಣಿಪಾಲದ ಎಂಐಟಿ ಇರಲಿ, ಕೋರ್ಸ್‌ನ ಹೆಸರು ನೋಡಿ ಅರ್ಜಿ ಹಾಕಬೇಡಿ, ಅರ್ಹತೆಯ ಕಾಲಂ ಓದಿ ಹಾಕಿ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತದೆ, ಹಾಗಾಗಿ ಕೆಲಸದಲ್ಲಿ ಇದ್ದುಕೊಂಡೇ ಬರೆದಿಟ್ಟುಕೊಳ್ಳಬಹುದು. ಸಂಶೋಧನೆಯ ಒಲವಿದ್ದರೆ ಪಿಎಚ್‌ಡಿ ಇನ್ನೊಂದು ಬಾಗಿಲು. ಕೆಟಲಿಸಿಸ್, ಮೆಂಬ್ರೇನ್, ನೀರಿನ ಶುದ್ಧೀಕರಣ, ಬ್ಯಾಟರಿ, ಇಂಥ ವಿಷಯಗಳಲ್ಲಿ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ಮೇಷ್ಟ್ರುಗಳಿಗೂ ಕೆಮಿಸ್ಟ್ ಬೇಕಾಗುತ್ತದೆ.

ಇನ್ನೊಂದು ಮಾತು. ಮನೆಯಲ್ಲೇ ಕೂತು ಎಎಂಐಇ ಮಾದರಿಯ ಪರೀಕ್ಷೆ ಬರೆದರೆ ಬಿಇಗೆ ಸಮ ಎಂದು ಯಾರಾದರೂ ಹೇಳಿದರೆ ನಂಬಿ ದುಡ್ಡು ಕಟ್ಟಬೇಡಿ. ಆ ಸಮಾನತೆಯನ್ನು ಕೇಂದ್ರ ಸರಕಾರ 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಸೀಮಿತಗೊಳಿಸಿತು.

ಈಗ ನಮ್ಮ ಊರಿನ ಲೆಕ್ಕಾಚಾರ. ಕೆಮಿಸ್ಟ್ ಆಗಿ ಹುಟ್ಟಿ ಪ್ರೊಸೆಸ್‌ಗೆ ಬೆಳೆಯಲು ಮಂಗಳೂರಿಗಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಕಡಿಮೆ. ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ಇದೆ, ವರ್ಷಕ್ಕೆ 15 ಮಿಲಿಯನ್ ಟನ್ ಸಾಮರ್ಥ್ಯದ ರಿಫೈನರಿ. ಪಣಂಬೂರಿನಲ್ಲಿ ಎಂಸಿಎಫ್, ಬಾಳದಲ್ಲಿ ಬಿಎಎಸ್‌ಎಫ್, ಎಸ್‌ಇಜೆಡ್‌ನಲ್ಲಿ ಸಿಂಜಿನ್‌ನ ಔಷಧ ಪ್ಲಾಂಟ್. ಬೈಕಂಪಾಡಿಯ ಸಣ್ಣ ಸಣ್ಣ ಘಟಕಗಳು ಬೇರೆ. ಮಲ್ಪೆ, ಉಳ್ಳಾಲ ಕಡೆಯ ಫಿಶ್‌ಮೀಲ್ ಪ್ಲಾಂಟ್‌ಗಳನ್ನು ಯಾರೂ ಕೆಮಿಕಲ್ ಎಂಜಿನಿಯರಿಂಗ್ ಎಂದು ನೋಡುವುದಿಲ್ಲ. ಆದರೆ ಬೇಯಿಸುವುದು, ಹಿಂಡುವುದು, ಎಣ್ಣೆ ಬೇರ್ಪಡಿಸುವುದು, ಒಣಗಿಸುವುದು, ಕೊಳಚೆ ನೀರು ಶುದ್ಧ ಮಾಡುವುದು, ಎಲ್ಲ ಅಲ್ಲಿದೆ. ಸಣ್ಣ ಪ್ಲಾಂಟ್‌ನಲ್ಲಿ ಒಬ್ಬ ಕೆಮಿಸ್ಟ್ ಎಲ್ಲಾ ಕೆಲಸಕ್ಕೂ ಕೈ ಹಾಕಬೇಕಾಗುತ್ತದೆ, ಕಲಿಯುವವರಿಗೆ ಅದೇ ಲಾಭ. ಇದನ್ನು ಓದುತ್ತಿರುವ ಬಿಎಸ್ಸಿ ಪಿಸಿಎಂನ ಮಕ್ಕಳಿಗೂ ಒಂದು ಮಾತು: ಅಪ್ರೆಂಟಿಸ್ ಕಾಯ್ದೆಯಡಿ "ಅಟೆಂಡೆಂಟ್ ಆಪರೇಟರ್, ಕೆಮಿಕಲ್ ಪ್ಲಾಂಟ್" ಎಂಬ ಟ್ರೇಡ್ ಇದೆ. ಬಿಎಸ್ಸಿಯವರನ್ನು ರಿಫೈನರಿಗಳು ಅದರಲ್ಲಿ ತೆಗೆದುಕೊಳ್ಳುತ್ತವೆ. ಕಂಟ್ರೋಲ್ ರೂಮ್ ಕಾಣಲು ಅದು ಒಳ್ಳೆಯ ದಾರಿ.

ನೀವು ಮಾತ್ರ ನಿಮ್ಮ ಕಂಪನಿಯ ಒಳಗಿಂದಲೇ ಶುರು ಮಾಡಿ. ಒಂದು ನಿರ್ದಿಷ್ಟ ಕೆಲಸ ಸೂಚಿಸುತ್ತೇನೆ: ಸಾಲ್ವೆಂಟ್ ರಿಕವರಿ, ಅಂದರೆ ಬಳಸಿದ ಸಾಲ್ವೆಂಟ್ ಅನ್ನು ಶುದ್ಧ ಮಾಡಿ ಮರಳಿ ಪಡೆಯುವುದು. ಔಷಧ ಪ್ಲಾಂಟ್‌ನಲ್ಲಿ ಓಡಾಡುವ ದ್ರವದಲ್ಲಿ ದೊಡ್ಡ ಪಾಲು ಸಾಲ್ವೆಂಟೇ. ರಿಕವರಿ ಆಗಿ ಬಂದ ಸಾಲ್ವೆಂಟ್‌ನ ಸ್ಯಾಂಪಲ್ ಜಿಸಿ ಎಂಬ ಶುದ್ಧತೆಯ ಪರೀಕ್ಷೆಗೆ ಕ್ಯೂಸಿಗೆ ಬರುತ್ತದೆ. ನಿಮ್ಮ ಕೈಯಲ್ಲಿ ಪ್ಯೂರಿಟಿ ಇದೆ, ಪ್ಲಾಂಟ್‌ನವರ ಕೈಯಲ್ಲಿ ಕಾಲಮ್‌ನ ಉಷ್ಣತೆ, ರಿಫ್ಲಕ್ಸ್ (ಆವಿ ತಣಿದು ಕಾಲಮ್‌ಗೆ ಮರಳುವ ಪಾಲು) ಇದೆ. ಪ್ರೊಡಕ್ಷನ್ ಮ್ಯಾನೇಜರ್ ಬಳಿ ಅನುಮತಿ ಕೇಳಿ ಎರಡನ್ನೂ ಒಂದೇ ಹಾಳೆಯಲ್ಲಿ ಬ್ಯಾಚ್‌ವಾರು ಬರೆಯಿರಿ. ಯಾವ ಬ್ಯಾಚ್‌ನಲ್ಲಿ ಪ್ಯೂರಿಟಿ ಬಿದ್ದಿದೆ, ಆಗ ಕಾಲಮ್ ಹೇಗೆ ಓಡಿತ್ತು ನೋಡಿ. ಅದೇ ಮಿಶ್ರಣವನ್ನು ಡಿಡಬ್ಲ್ಯೂಸಿಮ್‌ನಲ್ಲಿ ಓಡಿಸಿ. ಎಥೆನಾಲ್–ನೀರಿನಂತೆ ಅಜಿಯೋಟ್ರೋಪ್ (ಒಂದು ಹಂತದ ಮೇಲೆ ಬೇರ್ಪಡದ ಮಿಶ್ರಣ) ಮಾಡುವ ಜೋಡಿಯಾದರೆ, ಎಷ್ಟು ರಿಫ್ಲಕ್ಸ್ ಕೊಟ್ಟರೂ ಒಂದು ಮಿತಿ (ಎಥೆನಾಲ್‌ಗೆ ತೂಕದಲ್ಲಿ 95.6 ಶೇಕಡಾ) ದಾಟುವುದಿಲ್ಲ ಎಂಬುದು ನಿಮಗೆ ಮೊದಲೇ ಗೊತ್ತು. ಅದನ್ನು ಪ್ಲಾಂಟ್‌ನವರಿಗೆ ಬಿಡಿಸಿ ಹೇಳಬಲ್ಲವರು ನೀವೇ. ಕಂಪನಿಯ ಡೇಟಾವನ್ನು ಮಾತ್ರ ಹೊರಗೆ ಒಯ್ಯಬೇಡಿ, ಮನೆಯ ಅಭ್ಯಾಸಕ್ಕೆ ಪುಸ್ತಕದ ಅಂಕಿಗಳು ಸಾಕು. ಇಂಥ ಒಂದು ಹಾಳೆ ಕೈಯಲ್ಲಿ ಹಿಡಿದು ವರ್ಗಾವಣೆ ಕೇಳುವುದಕ್ಕೂ, "ಪ್ರೊಡಕ್ಷನ್‌ಗೆ ಹಾಕಿ ಸರ್" ಎಂದು ಬರಿಗೈಯಲ್ಲಿ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಅಮ್ಮನ ಮಾತಿಗೆ ಬರೋಣ. ನೈಟ್ ಶಿಫ್ಟ್ ಹೆದರಿಕೆ ಸುಮ್ನೆ ಅಲ್ಲ, ಅದನ್ನು ತಳ್ಳಿಹಾಕಬೇಡಿ. ಕರ್ನಾಟಕದಲ್ಲಿ ಕಾರ್ಖಾನೆಗಳ ರಾತ್ರಿ ಪಾಳಿಗೆ ಹೆಂಗಸರನ್ನು ಹಾಕಲು 2019ರಲ್ಲಿ ಸರಕಾರ ಅನುಮತಿ ಕೊಟ್ಟಿತು, ಆದರೆ ಷರತ್ತಿನ ಮೇಲೆ. ಲಿಖಿತ ಒಪ್ಪಿಗೆ ಬೇಕು, ಒತ್ತಾಯ ಮಾಡುವಂತಿಲ್ಲ, ಹೋಗಿ ಬರಲು ವಾಹನ ಕೊಡಬೇಕು. ಪ್ರೊಡಕ್ಷನ್‌ನಲ್ಲಿ ಶಿಫ್ಟ್ ತಪ್ಪುವುದು ಕಷ್ಟ. ಪ್ರೊಸೆಸ್ ಡೆವಲಪ್‌ಮೆಂಟ್ ಮತ್ತು ಟೆಕ್ ಟ್ರಾನ್ಸ್‌ಫರ್‌ನಲ್ಲಿ ಹೆಚ್ಚಾಗಿ ಹಗಲು ಕೆಲಸ, ಹೊಸ ಪ್ರಾಡಕ್ಟ್‌ನ ಮೊದಲ ಬ್ಯಾಚ್‌ಗಳು ನಡೆಯುವಾಗ ಮಾತ್ರ ರಾತ್ರಿ ನಿಲ್ಲಬೇಕಾಗುತ್ತದೆ. ಹಾಗಾಗಿ ಮನೆಯಲ್ಲಿ ಒಪ್ಪಿಸಲು ಟೆಕ್ ಟ್ರಾನ್ಸ್‌ಫರ್ ಸುಲಭ, ಕಲಿಕೆಯೂ ಅಲ್ಲೇ ಜಾಸ್ತಿ. ಲ್ಯಾಬ್‌ನ ರೂಟ್ (ತಯಾರಿಕೆಯ ವಿಧಾನ) ಪ್ಲಾಂಟ್‌ಗೆ ಇಳಿಯುವ ಜಾಗ ಅದು. ಮೇಲೆ ಹೇಳಿದ ಶಾಖದ ಲೆಕ್ಕ ಅಲ್ಲಿ ದಿನಾ ಬೇಕು. ಸಂಬಳ ಬಿಟ್ಟು ಓದಲು ಹೋಗುತ್ತಿಲ್ಲ, ಕೆಲಸದಲ್ಲಿ ಇದ್ದುಕೊಂಡೇ ಕಲಿಯುತ್ತೇನೆ ಎಂದು ಅಮ್ಮನಿಗೆ ಹೇಳಿ.

ಒಳಗೆ ವರ್ಗಾವಣೆ ಸಿಗದಿದ್ದರೆ ಒಂದು ವರ್ಷ ನೋಡಿ, ಆಮೇಲೆ ಬೇರೆ ಕಂಪನಿಗೆ ಅರ್ಜಿ ಹಾಕಿ. ಆಗ ರೆಸ್ಯೂಮೆಯ ಮೊದಲ ಸಾಲಿನಲ್ಲಿ ಎಚ್‌ಪಿಎಲ್‌ಸಿ ಬೇಡ. ರಿಕವರಿ ಕಾಲಮ್‌ನ ಕೆಲಸ, ಮಾಡಿದ ಫ್ಲೋಶೀಟ್, ಬರೆದ ಎನ್‌ಪಿಟಿಇಎಲ್ ಪರೀಕ್ಷೆಗಳು ಮೊದಲು ಬರಲಿ. ಇಂಟರ್‌ವ್ಯೂನಲ್ಲಿ ಅವರು ಖಂಡಿತ ಕೇಳುವ ಪ್ರಶ್ನೆ ಒಂದಿದೆ: ಲ್ಯಾಬಿನಲ್ಲಿ ಒಂದು ಗಂಟೆಗೆ ಮುಗಿಯುವ ರಿಯಾಕ್ಷನ್ ಪ್ಲಾಂಟ್‌ನಲ್ಲಿ ಯಾಕೆ ಎಂಟು ಗಂಟೆ ಹಿಡಿಯುತ್ತದೆ? ಮೇಲ್ಮೈ ಲೆಕ್ಕದಿಂದ ಶುರು ಮಾಡಿ. ಕಲಕುವುದು ಸಾಲದೇ ಇರಬಹುದು, ಎರಡು ಪದರ ಸರಿಯಾಗಿ ಬೆರೆಯದೇ ಇರಬಹುದು, ಬಿಸಿ ಮಾಡಲು ಮತ್ತು ತಣಿಸಲೇ ಹೊತ್ತು ಹೋಗಿರಬಹುದು. ಇವು ಒಂದೊಂದನ್ನೂ ಹೇಗೆ ಪರೀಕ್ಷಿಸುತ್ತೀರಿ ಎಂದೂ ಹೇಳಿ. ಆ ಉತ್ತರ ಸರಿಯಾಗಿ ಬಂದರೆ ನಿಮ್ಮ ಡಿಗ್ರಿಯ ಹೆಸರನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.